ಸ್ವೆವೆನ್ ಅಂದ್ರೆ ನಮ್ಮ ಸ್ವಪ್ನದ ನೆಂಟ: ಹಳೇ ಇಂಗ್ಲಿಷ್ ನಿದ್ದೆಪದ ಕಲಿತ ಕತೆ
ಮೊದಲು ನಾನು ಮಾಡಿದ ಎಡವಟ್ಟು ಹೇಳ್ಬಿಡ್ತೀನಿ. ನಿದ್ದೆ, ಕನಸಿನ ಬಗ್ಗೆ ಯಾರೂ ಬಳಸದ ಇಂಗ್ಲಿಷ್ ಪದಗಳ ಲಿಸ್ಟ್ ಒಂದು ಸಿಕ್ತು, ನಲವತ್ತನ್ನೂ ನೋಟ್‌ಬುಕ್ಕಿಗೆ ಇಳಿಸಿದೆ. ವಾರ ಬಿಟ್ಟು ನೋಡಿದ್ರೆ ಎರಡು ಪದಾನೂ ನೆನಪಿಲ್ಲ, ಸಾಲದ್ದಕ್ಕೆ ದೊಡ್ಡ ಡಿಕ್ಷನರಿ ತೆಗೆದ್ರೆ ಎಷ್ಟೋ ಪದ ಅದರಲ್ಲಿ ಇರ್ಲೇ ಇಲ್ಲ, ಯಾರೋ ಗ್ರೀಕು ಲ್ಯಾಟಿನ್ನು ಸೇರಿಸಿ ಹೊಸೆದಿದ್ದು. ಹೊಡೆದುಹಾಕಿ ಹತ್ತು ಉಳಿಸ್ಕೊಂಡೆ.

ಆಮೇಲೆ ಒಂದು ರೂಲ್ ಮಾಡ್ಕೊಂಡೆ, ಪದದ ಎದುರು ಅರ್ಥ ಬರೆಯೋ ಹಾಗಿಲ್ಲ, ಅದಕ್ಕೆ ನಮ್ಮನೇಲಿ ಏನಂತಾರೋ ಅದೇ ಬರೀಬೇಕು. ಸ್ಲೂಮ್, ಉತ್ತರ ಇಂಗ್ಲೆಂಡ್ ಕಡೆಯ ಮಾತು, ಎದುರಿಗೆ ಜೊಂಪು ಅಂತ ಬರೆದೆ. ಇವತ್ತಿಗೂ ಮರೆತಿಲ್ಲ.

ನೈಟ್‌ಮೇರ್ ಎಲ್ರಿಗೂ ಗೊತ್ತು, ಆದ್ರೆ ಒಳಗಿರೋ ಮೇರ್ ಹೆಣ್ಣುಕುದುರೆ ಅಲ್ಲ. ಫ್ಯೂಸೆಲಿ ಅನ್ನೋ ಕಲಾವಿದನ 1781ರ 'ದಿ ನೈಟ್‌ಮೇರ್' ಪೇಂಟಿಂಗಲ್ಲಿ ಪರದೆ ಸಂದಿಯಿಂದ ಕುದುರೆ ತಲೆ ಇಣುಕುತ್ತೆ ನಿಜ, ಆದ್ರೆ ಮಲಗಿದೋಳ ಎದೆ ಮೇಲೆ ಕುಕ್ಕರಗಾಲಲ್ಲಿ ಕೂತಿದೆಯಲ್ಲ, ಆ ಥರದ ದೆವ್ವಕ್ಕೇ ಹಿಂದೆ ಮೇರ್ ಅಂತಿದ್ದಿದ್ದು. ನಮ್ಮಜ್ಜಿ "ರಾತ್ರಿ ಏನೋ ಅಮುಕ್ದಂಗಾಯ್ತು ಕಣೋ" ಅಂತಿದ್ರು, ಅದನ್ನೇ ಬರೆದೆ.

ಸ್ವೆವೆನ್ ಸಿಕ್ಕಿದ ದಿನ ಮಾತ್ರ ನಿದ್ದೆನೇ ಬರ್ಲಿಲ್ಲ! ಹಳೇ ಇಂಗ್ಲಿಷಲ್ಲಿ ಅದು ಸ್ವೆವ್ನ್, ಅಂದ್ರೆ ಕನಸು, ಸಂಸ್ಕೃತದ ಸ್ವಪ್ನ, ಗ್ರೀಕಿನ ಹಿಪ್ನೋಸ್ ಎಲ್ಲಾ ಒಂದೇ ಬೇರಿನವು. ಆಗ ಡ್ರೀಮ್ ಅಂದ್ರೆ ಸಂತೋಷ, ಸಂಗೀತ ಅಂತಿತ್ತು, ಬರ್ತಾ ಬರ್ತಾ ಅದೇ ಕನಸಿನ ಕುರ್ಚೀಲಿ ಕೂತು ಸ್ವೆವೆನ್ ಮೂಲೆಗೆ ಹೋಯ್ತು. 14ನೇ ಶತಮಾನದ ಕೊನೇಲಿ ಇಂಗ್ಲಿಷ್ ಕವಿ ಚಾಸರ್ ಇನ್ನೂ ಬಳಸ್ತಾನೆ, ಅವನ ಒಂದು ಕತೇಲಿ, ಕೆಟ್ಟ ಕನಸು ಕಂಡು ನರಳೋ ಹುಂಜಕ್ಕೆ ಹೇಂಟೆ ಹೇಳುತ್ತೆ, ಹೊಟ್ಟೆ ಬಿರಿಯ ತಿಂದ್ರೆ ಸ್ವೆವೆನ್ ಬೀಳುತ್ತೆ, ಭೇದಿ ಆಗೋ ಔಷಧಿ ತಗೋ ಅಂತ. ಇದನ್ನಂತೂ ನಮ್ಮಜ್ಜಿ ಚಾಸರ್ ಓದದೇನೇ ಹೇಳ್ತಿದ್ರು.

ಒಂದು ಮಾತ್ರ ಸಿಕ್ಕಾಪಟ್ಟೆ ಸತಾಯಿಸ್ತು, ಊಹ್ತ್‌ಚ್ಯಾರೆ. ಸಾವಿರ ವರ್ಷಕ್ಕೂ ಹಿಂದಿನ ಕೈಬರಹದ ಪುಸ್ತಕದ ಒಂದು ಪದ್ಯದಲ್ಲಿ ಬರುತ್ತೆ, ಗಂಡ ಸಮುದ್ರ ದಾಟಿ ಹೋಗಿದಾನೆ, ಎಲ್ಲಿದಾನೋ ಅಂತ ನಸುಕಲ್ಲಿ ಹೆಂಡತಿಗೆ ಹತ್ತೋ ಚಿಂತೆ ಅದು. ನನಗೂ ನಾಲ್ಕು ಗಂಟೆಗೆ ಎಚ್ಚರ ಆಗಿ ಇಎಂಐ ನೆನಪಾಗುತ್ತೆ, ಆದ್ರೆ ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹೊಳೀಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅದಕ್ಕೊಂದು ಹೆಸರು ಬೇರೆ ಬೇಕಾ, ಎದ್ದು ಕಾಫಿಗೆ ನೀರಿಡು" ಅಂದ್ರು. ನೋಟ್‌ಬುಕ್ಕಲ್ಲಿ ಸದ್ಯಕ್ಕೆ ಅದೇ ಇದೆ.