ಹಳೆಯ ಸೀರೆಯಿಂದ ಕೌದಿ: ಕತ್ತರಿಸುವುದರಿಂದ ಪ್ರದರ್ಶನದಲ್ಲಿ ತೂಗುಹಾಕುವವರೆಗೆ

ಉತ್ತರ ಕರ್ನಾಟಕದವರು ಕೌದಿ ಎನ್ನುವ, ನಮ್ಮ ಮೈಸೂರು–ಮಂಡ್ಯ ಕಡೆಯ ಹಿರಿಯರು ಬೊಂತೆ ಎನ್ನುವ ಹೊದಿಕೆಗೂ, ಇಂದಿನ ಹವ್ಯಾಸಿಗಳು ಕ್ವಿಲ್ಟ್ ಎಂದು ಕರೆಯುವ ಹೊದಿಕೆಗೂ ಮೂಲ ರಚನೆ ಒಂದೇ. ಮೇಲೊಂದು ಬಟ್ಟೆ, ನಡುವೆ ಮೆತ್ತನೆಯ ಪದರ, ಕೆಳಗೆ ಅಸ್ತರ, ಈ ಮೂರನ್ನೂ ಸರಿಯದಂತೆ ಹಿಡಿಯುವ ಹೊಲಿಗೆ. ನಾನು ಮನೆಯ ಕೆಲಸಗಳ ನಡುವೆ ಸಿಗುವ ಸಮಯದಲ್ಲಿ ಇದನ್ನು ಹೊಲಿಯುವವಳು. ಮೊದಲ ಕೌದಿಗೆ ದುಬಾರಿ ಬಟ್ಟೆಯನ್ನಾಗಲಿ ವಿಶೇಷ ಯಂತ್ರವನ್ನಾಗಲಿ ಕೊಳ್ಳಬೇಕಾಗಿಲ್ಲ ಎಂಬುದನ್ನು ಕೆಲವು ಕೌದಿ ಕೆಟ್ಟ ಮೇಲೆ ತಿಳಿದುಕೊಂಡಿದ್ದೇನೆ.

ಬಟ್ಟೆಯ ಆಯ್ಕೆಯಲ್ಲಿ ಒಂದೇ ನಿಯಮ ಸಾಕು: ಒಂದು ಹೊದಿಕೆಯಲ್ಲಿ ಒಂದೇ ಜಾತಿಯ ಬಟ್ಟೆ ಇರಲಿ. ಹತ್ತಿಯೊಂದಿಗೆ ಹತ್ತಿ ಸೇರಿದರೆ ಒಗೆದಾಗ ಎರಡೂ ಒಟ್ಟಿಗೆ ಕುಗ್ಗುತ್ತವೆ. ಪಾಲಿಯೆಸ್ಟರ್ ತುಂಡೊಂದು ನಡುವೆ ಸೇರಿಕೊಂಡರೆ ಅದು ಕುಗ್ಗದೆ ಉಬ್ಬಿ ನಿಲ್ಲುತ್ತದೆ. ಪಕ್ಕದ ಟೈಲರ್ ಅಂಗಡಿಯಲ್ಲಿ ಕೇಳಿದರೆ ರವಿಕೆ ಕತ್ತರಿಸಿ ಉಳಿದ ಚೂರುಗಳು ಚೀಲಗಟ್ಟಲೆ ಸಿಗುತ್ತವೆ, ಆದರೆ ಅವುಗಳಲ್ಲಿ ಯಾವುದು ಹತ್ತಿ ಎಂದು ಕೈಯಿಂದ ಮುಟ್ಟಿ ಹೇಳುವುದು ಕಷ್ಟ. ಅನುಮಾನವಿದ್ದರೆ ಒಂದು ಎಳೆಯನ್ನು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮೈಸೂರಿನ ಮನೆಗಳ ಬೀರುವಿನಲ್ಲಿ ಮಡಿಕೆಯಲ್ಲೇ ಹರಿದ ಮೈಸೂರು ರೇಷ್ಮೆಯ ಸೀರೆ ಒಂದಾದರೂ ಇರುತ್ತದೆ, ಅದನ್ನು ಬಳಸುವ ಆಸೆಯೂ ಸಹಜ. ಆದರೆ ಜಾರುವ ಆ ಬಟ್ಟೆಯನ್ನು ಹೊದಿಕೆಗೆ ಸೇರಿಸಬೇಡಿ. ಹಿಂದೆ ತೆಳುವಾದ ಮಲ್ ಬಟ್ಟೆಯನ್ನು ಕೊಟ್ಟು ದಿಂಬಿನ ಚೀಲಕ್ಕೋ ಗೋಡೆಯ ಅಲಂಕಾರಕ್ಕೋ ಬಳಸುವುದು ಮೇಲು.

ಕತ್ತರಿಸುವ ಮೊದಲು ಎಲ್ಲವನ್ನೂ ಒಗೆಯಬೇಕು. ಕಡುಗೆಂಪು, ಮೆರೂನ್, ಗಾಢ ನೀಲಿ ಬಟ್ಟೆಗಳನ್ನು ಬೇರೆಯಾಗಿ ನೆನೆಸಿ, ಒದ್ದೆಯಾಗಿರುವಾಗಲೇ ಬಿಳಿಯ ಚೂರೊಂದರಿಂದ ಒತ್ತಿ ನೋಡಬೇಕು. ಬಿಳಿಗೆ ಬಣ್ಣ ಹತ್ತಿದರೆ ಮತ್ತೆ ಒಗೆಯಬೇಕು, ಮೂರನೆಯ ಸಲವೂ ಹತ್ತಿದರೆ ಆ ಬಟ್ಟೆಯನ್ನು ಕೈಬಿಡಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನಾನೂ ನಂಬಿದ್ದೆ. ಒಂದು ಮೆರೂನ್ ಸೀರೆಯ ಸೆರಗು ಉಪ್ಪುನೀರಿನಲ್ಲಿ ಇಡೀ ರಾತ್ರಿ ಮಲಗಿದ್ದು, ಮುಗಿದ ಕೌದಿಯ ಮೊದಲ ಒಗೆತದಲ್ಲೇ ಬಿಳಿಯ ಪಂಚೆಯ ತುಂಡುಗಳನ್ನೆಲ್ಲ ಗುಲಾಬಿ ಮಾಡಿತು.

ಇನ್ನು ಲೆಕ್ಕ. ಮೊದಲ ಹೊದಿಕೆಗೆ 5 ಇಂಚಿನ ಚೌಕಗಳು ಅನುಕೂಲ. ಪ್ರತಿ ಬದಿಯಲ್ಲಿ ಕಾಲು ಇಂಚು ಹೊಲಿಗೆಗೆ ಹೋಗುವುದರಿಂದ ಕೂಡಿಸಿದ ಮೇಲೆ ಚೌಕ ನಾಲ್ಕೂವರೆ ಇಂಚಾಗುತ್ತದೆ. ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140 ಚೌಕ ಕತ್ತರಿಸಿಕೊಂಡರೆ 45 ಇಂಚು ಅಗಲ, 63 ಇಂಚು ಉದ್ದದ ಮೇಲ್ಬಟ್ಟೆ ದೊರೆಯುತ್ತದೆ. ಕಾಲು ಇಂಚಿನ ವಿಷಯದಲ್ಲಿ ಉದಾಸೀನ ಬೇಡ. ಪ್ರತಿ ಚೌಕದ ಅಂಚಿನಲ್ಲಿ ಒಂದು ನೂಲೆಳೆಯಷ್ಟು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿ ಹಿಡಿದರೂ, ಉದ್ದದ 13 ಹೊಲಿಗೆಗಳನ್ನು ದಾಟುವಷ್ಟರಲ್ಲಿ ಒಂದೂವರೆ ಇಂಚಿಗೂ ಮೀರಿ ಕೊರತೆ ಬೀಳುತ್ತದೆ, ಸಾಲುಗಳು ಒಂದಕ್ಕೊಂದು ಕೂಡುವುದಿಲ್ಲ. ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಸರಿಯಾಗಿ ಕಾಲು ಇಂಚು ದೂರದಲ್ಲಿ ಬಣ್ಣದ ಟೇಪನ್ನು ಅಂಟಿಸಿಕೊಂಡು ಬಟ್ಟೆಯ ಅಂಚನ್ನು ಅದಕ್ಕೆ ತಾಗಿಸಿ ನಡೆಸುವುದು ಅತ್ಯಂತ ಅಗ್ಗದ ಪರಿಹಾರ. ಸಾಲುಗಳನ್ನು ಹೊಲಿದ ಮೇಲೆ ಹೊಲಿಗೆಯ ಮಡಿಕೆಯನ್ನು ಮೊದಲ ಸಾಲಿನಲ್ಲಿ ಎಡಕ್ಕೆ, ಎರಡನೆಯದರಲ್ಲಿ ಬಲಕ್ಕೆ ಇಸ್ತ್ರಿ ಮಾಡುತ್ತ ಹೋದರೆ, ಸಾಲು ಕೂಡಿಸುವಾಗ ಮೂಲೆಗಳು ಒಂದರೊಳಗೊಂದು ಕೂತು ದಪ್ಪವೂ ಕಡಿಮೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಇಟ್ಟು ಒತ್ತಬೇಕು; ಎಳೆದರೆ ಚೌಕ ಚೌಕವಾಗಿ ಉಳಿಯುವುದಿಲ್ಲ.

ನಡುವಿನ ಪದರಕ್ಕೆ ಅಂಗಡಿಯವರು ಪಾಲಿಯೆಸ್ಟರ್ ಹಾಳೆಯನ್ನು ತೋರಿಸುತ್ತಾರೆ. ಜನವರಿಯ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ಮೈಸೂರಿನ ಚಳಿಗೆ ಅದು ಅನವಶ್ಯಕ ಎಂಬುದು ನನ್ನ ಅಭಿಪ್ರಾಯ. ಒಗೆದು ಒಗೆದು ಮೆದುವಾದ ನಾಲ್ಕು ಮೀಟರಿನ ಪಂಚೆಯನ್ನು ಒಮ್ಮೆ ಮಡಿಸಿದರೆ ಈ ಅಳತೆಗೆ ಸರಿಯಾಗಿ ಎರಡು ಪದರವಾಗುತ್ತದೆ. ಅಸ್ತರ ಮೇಲ್ಬಟ್ಟೆಗಿಂತ ಪ್ರತಿ ಬದಿಗೂ 4 ಇಂಚು ದೊಡ್ಡದಿರಬೇಕಾದ್ದರಿಂದ 53 ಇಂಚು ಅಗಲ, 71 ಇಂಚು ಉದ್ದ ಬೇಕು. ಐದೂವರೆ ಮೀಟರಿನ ಹತ್ತಿ ಸೀರೆಯಿಂದ 71 ಇಂಚಿನ ಎರಡು ತುಂಡು ಕತ್ತರಿಸಿ ಪಕ್ಕಪಕ್ಕ ಕೂಡಿಸಿ ಹೆಚ್ಚಿನದನ್ನು ಕತ್ತರಿಸಿದರೆ ಅಸ್ತರವೂ ಆಯಿತು, ಉಳಿದದ್ದರಲ್ಲಿ ಅಂಚುಪಟ್ಟಿಯೂ ಆಯಿತು.

ಬಹುಪಾಲು ಕೌದಿಗಳು ಕೆಡುವುದು ಮುಂದಿನ ಹಂತದಲ್ಲಿ, ಅದೂ ಅವಸರದಿಂದ. ಅಸ್ತರವನ್ನು ನೆಲದ ಮೇಲೆ ತಲೆಕೆಳಗಾಗಿ ಹಾಸಿ, ಸುಕ್ಕಿಲ್ಲದಂತೆ, ಆದರೆ ಹಿಗ್ಗಿಸದಂತೆ, ನಾಲ್ಕು ಅಂಚನ್ನೂ ಟೇಪಿನಿಂದ ನೆಲಕ್ಕೆ ಅಂಟಿಸಬೇಕು. ಅದರ ಮೇಲೆ ಪಂಚೆ, ಪಂಚೆಯ ಮೇಲೆ ಚೌಕಗಳ ಬಟ್ಟೆ. ನಡುವಿನಿಂದ ಹೊರಗೆ ಬರುತ್ತ ಅಂಗೈಯಗಲಕ್ಕೊಂದರಂತೆ ಪಿನ್ನು ಹಾಕಬಹುದು, ಇಲ್ಲವೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬಹುದು. ಮೊಳಕಾಲು ನೋಯುತ್ತದೆ ಎಂದು ಮಂಚದ ಮೇಲೆ ಹಾಸಿಕೊಂಡು ಮಾಡಿದರೆ ಪದರಗಳು ಹಾಸಿಗೆಯ ತಗ್ಗಿಗೆ ಇಳಿದು ಹಿಂಬದಿಯಲ್ಲಿ ನೆರಿಗೆ ಬೀಳುತ್ತದೆ. ಮೇಲಿನಿಂದ ಅದು ಕಾಣುವುದೂ ಇಲ್ಲ. ನಂತರ ಕೈಯಿಂದ ಸಾದಾ ಓಟದ ಹೊಲಿಗೆಯನ್ನು, ಅದೂ ನಡುವಿನಿಂದಲೇ ಆರಂಭಿಸಿ, ಎರಡೆರಡು ಇಂಚಿಗೆ ಒಂದು ಸಾಲಿನಂತೆ ಹಾಕುತ್ತ ಹೋಗಿ.

ಇಲ್ಲೊಂದು ವಿಶೇಷವನ್ನು ಹೇಳಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯ ದಾರಿ ಇದಕ್ಕೆ ಪೂರ್ಣ ವಿರುದ್ಧವಾದುದು: ಅವರು ಅಂಚಿನ ಮೂಲೆಯಿಂದ ಹೊರಟು, ತುಂಡುಗಳನ್ನು ಇಡುತ್ತಲೇ ಹೊಲಿಯುತ್ತ, ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನದ ಹೂಗಳನ್ನಿಡುತ್ತಾರೆ. ಅಳತೆಪಟ್ಟಿಯ ಹಂಗಿಲ್ಲದ ಆ ಕೆಲಸವನ್ನು ನೋಡಿದ ಮೇಲೆ ನನ್ನ 140 ಚೌಕಗಳು ಸ್ವಲ್ಪ ಶಾಲೆಯ ಮಕ್ಕಳ ಸಾಲಿನಂತೆ ಕಂಡವು ಎಂಬುದನ್ನು ಮುಚ್ಚಿಡಲಾರೆ.

ಅಂಚಿಗೆ ಎರಡೂವರೆ ಇಂಚು ಅಗಲದ ಪಟ್ಟಿಗಳನ್ನು ಓರೆಯಾಗಿ ಕೂಡಿಸಿ, ಉದ್ದಕ್ಕೆ ಎರಡಾಗಿ ಮಡಿಸಿ ಹೊಲಿಯಬೇಕು. ಸುತ್ತಳತೆ 216 ಇಂಚು. ಸೀರೆಯ ಅಗಲದ 6 ಪಟ್ಟಿಗಳು ಸಾಲುತ್ತವೆ.

ದಿನಚರಿಯಲ್ಲಿ ಕೆಲಸವನ್ನು ಹಂಚಿಕೊಳ್ಳುವ ಕ್ರಮವೂ ಇದೆ. ಕತ್ತರಿಸುವುದು ಮತ್ತು ಬಣ್ಣ ಜೋಡಿಸುವುದು ಬೆಳಗಿನ ಬೆಳಕಿನಲ್ಲಿ ಆಗಬೇಕು, ಏಕೆಂದರೆ ಟ್ಯೂಬ್‌ಲೈಟಿನ ಕೆಳಗೆ ಕಪ್ಪೂ ಗಾಢ ನೀಲಿಯೂ ಒಂದೇ ಆಗಿ ಕಾಣುತ್ತವೆ. ಕರೆಂಟು ಹೋಗುವ ಹೊತ್ತಿಗೆಂದು ಕೈಹೊಲಿಗೆಯನ್ನು ಮೀಸಲಿಡಿ. ಬಟ್ಟೆ ಒಗೆದು ಒಣಗಿಸುವ ಕೆಲಸವನ್ನು ಮಾತ್ರ ಮಳೆಗಾಲಕ್ಕೆ ಮುಂಚೆ ಮುಗಿಸಿಕೊಳ್ಳಿ.

ಪ್ರದರ್ಶನಗಳಿಗೆ ಹೋಗುವುದನ್ನೂ ಕಲಿಕೆಯ ಭಾಗವೆಂದೇ ತಿಳಿಯಬೇಕು. ದಸರೆಯೊಂದಿಗೆ ಆರಂಭವಾಗಿ ಸುಮಾರು ಮೂರು ತಿಂಗಳು ನಡೆಯುವ ವಸ್ತುಪ್ರದರ್ಶನಕ್ಕೂ, ವರ್ತುಲ ರಸ್ತೆಯ ಅರ್ಬನ್ ಹಾತ್‌ನ ಕರಕುಶಲ ಮೇಳಗಳಿಗೂ ಭಾನುವಾರದ ಬದಲು ವಾರದ ನಡುವೆ ಹೋದರೆ ಮಳಿಗೆಯವರಿಗೆ ಮಾತನಾಡಲು ಬಿಡುವಿರುತ್ತದೆ. ಮುಂಬದಿಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ನೀವು ಅನುಮತಿ ಕೇಳಿ ಹಿಂಬದಿಯನ್ನು ನೋಡಿ. ಗಂಟುಗಳು ಎಲ್ಲಿ ಅಡಗಿವೆ, ನೆರಿಗೆ ಇದೆಯೇ, ಮೂಲೆಯಲ್ಲಿ ಅಂಚುಪಟ್ಟಿ ಹೇಗೆ ತಿರುಗಿದೆ ಎಂಬುದೆಲ್ಲ ಅಲ್ಲಿಯೇ ತಿಳಿಯುವುದು. ಅಮೆರಿಕದ ದೊಡ್ಡ ಕ್ವಿಲ್ಟ್ ಪ್ರದರ್ಶನಗಳಲ್ಲಿ ನೋಡುಗರು ಬಟ್ಟೆಯನ್ನು ಮುಟ್ಟುವಂತಿಲ್ಲ. ಬಿಳಿಯ ಕೈಗವಸು ಧರಿಸಿದ ಸ್ವಯಂಸೇವಕರು ಅಂಚನ್ನು ಮಗುಚಿ ಹಿಂಬದಿಯನ್ನು ತೋರಿಸುತ್ತಾರೆ. ನಮ್ಮಲ್ಲಿ ಆ ಏರ್ಪಾಡಿಲ್ಲದಿದ್ದರೂ, ಕರಿದ ತಿಂಡಿ ತಿಂದ ಕೈಯಿಂದ ಮುಟ್ಟದಿರುವುದು ನಮ್ಮ ಕೈಯಲ್ಲೇ ಇದೆ.

ನಿಮ್ಮ ಕೌದಿಯನ್ನೇ ಪ್ರದರ್ಶನಕ್ಕೆ ಕೊಡುವುದಾದರೆ ಹಿಂಬದಿಯ ಮೇಲಂಚಿಗೆ 4 ಇಂಚು ಅಗಲದ ಬಟ್ಟೆಯ ಕೊಳವೆಯನ್ನು ಕೈಯಿಂದ ಹೊಲಿದು ಕೊಡಿ; ಕೋಲನ್ನು ಅದರಲ್ಲಿ ತೂರಿಸಿದರೆ ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ, ಮೊಳೆಯಿಂದ ಜೋತುಬಿದ್ದು ಮೂಲೆಗಳು ಜಗ್ಗುವುದಿಲ್ಲ. ಕೆಳಮೂಲೆಯಲ್ಲಿ ಹೆಸರನ್ನೂ ಇಸವಿಯನ್ನೂ ಸೂಜಿಯಿಂದಲೇ ಬರೆಯಿರಿ. ಮರಳಿ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ತುರುಕದೆ ಹಳೆಯ ದಿಂಬಿನ ಚೀಲದೊಳಗೆ ಇಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು, ಹಿಂದಿನ ಮಡಿಕೆಯ ಗೆರೆಗಳನ್ನು ತಪ್ಪಿಸಿ ಬೇರೆ ಕಡೆಯಿಂದ ಮಡಿಸಿ ಇಡಿ.