ಸಮುದ್ರ ದೂರ ಇದ್ದರೂ ಬಂತು ಹೆಲೀನ್: ಗ್ರೀನ್‌ವಿಲ್‌ನಲ್ಲಿ ನಾವು ಮಾಡಿಕೊಂಡ ತಯಾರಿ

ನಾವಿರುವುದು ಅಮೆರಿಕದ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ. ಇಲ್ಲಿಂದ ಚಾರ್ಲ್‌ಸ್ಟನ್ ಕಡಲತೀರಕ್ಕೆ ಕಾರಿನಲ್ಲಿ ಮೂರು ಗಂಟೆಗೂ ಜಾಸ್ತಿ ಬೇಕು. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಹರಿಕೇನ್ (ಚಂಡಮಾರುತಕ್ಕೆ ಇಲ್ಲಿ ಹೇಳುವ ಹೆಸರು) ದಡ ಮುಟ್ಟಿದ್ದು ಫ್ಲಾರಿಡಾದ ಪೆರಿ ಎಂಬ ಊರಿನ ಹತ್ತಿರ, ಅಂದರೆ ನಮ್ಮಿಂದ 500 ಕಿಲೋಮೀಟರಿಗೂ ಆಚೆ. ಶಿವಮೊಗ್ಗದಿಂದ ಫೋನ್ ಮಾಡಿದ ಅಮ್ಮ ಕೂಡ "ಅಷ್ಟು ದೂರ ಇದೆಯಲ್ಲಪ್ಪ, ನಿಮಗೇನಾಗತ್ತೆ" ಅಂದರು. ಬೆಳಗಾಗುವಷ್ಟರಲ್ಲಿ ಅದರ ಗಾಳಿ ನಮ್ಮ ಬೀದಿಯಲ್ಲಿತ್ತು.

ಒಳನಾಡಿನಲ್ಲಿರುವವರು ಹರಿಕೇನ್‌ಗೆ ಕೊಡುವ 1ರಿಂದ 5ರವರೆಗಿನ ಕ್ಯಾಟಗರಿ ನೋಡಿ ಸಮಾಧಾನ ಮಾಡಿಕೊಳ್ಳುವುದನ್ನು ಬಿಡಬೇಕು. ಕ್ಯಾಟಗರಿ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. ಮಳೆ ಎಷ್ಟು, ಹೊಳೆ ಎಲ್ಲಿಯವರೆಗೆ ಏರುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ದಡ ಮುಟ್ಟಿದಾಗ ಹೆಲೀನ್ 4ನೇ ಕ್ಯಾಟಗರಿಯಲ್ಲಿತ್ತು, ಗಾಳಿ ಗಂಟೆಗೆ ಸುಮಾರು 225 ಕಿಲೋಮೀಟರ್. ಜಾರ್ಜಿಯಾ ದಾಟುವಾಗ ಹರಿಕೇನ್ ಅನ್ನುವ ಮಟ್ಟದಿಂದಲೂ ಇಳಿದಿತ್ತು. ಆದರೆ ತುಂಬಾ ಜೋರಾಗಿ ಓಡುತ್ತಿದ್ದರಿಂದ ಗಾಳಿ ಪೂರ್ತಿ ಸೋಲುವ ಮೊದಲೇ ಬೆಟ್ಟದ ಸೀಮೆ ತಲುಪಿತು. ನಾವು ಅದರ ದಾರಿಯ ಪೂರ್ವಕ್ಕಿದ್ದೆವು. ಅದು ಓಡುವ ದಿಕ್ಕಿನ ಬಲಗಡೆಯ ಆ ಭಾಗದಲ್ಲೇ ಗಾಳಿ ಹೆಚ್ಚು, ಸುಂಟರಗಾಳಿ ಹುಟ್ಟುವುದೂ ಅಲ್ಲೇ ಹೆಚ್ಚು.

ನಾನು ಮುಖ್ಯವಾಗಿ ನೋಡಿದ್ದು ಎರಡೇ: ನೆಲ ಎಷ್ಟು ನೆನೆದಿದೆ, ಮನೆ ಸುತ್ತ ಯಾವ ಮರ ಇದೆ. ಹೆಲೀನ್ ಇನ್ನೂ ಸಮುದ್ರದ ಮೇಲಿದ್ದಾಗಲೇ, 25ರಿಂದಲೇ, ನಮ್ಮ ಕಡೆ ಬೇರೆ ಮಳೆ ಶುರುವಾಗಿತ್ತು. ಇಲ್ಲಿಯದು ಕೆಂಪು ಜೇಡಿಮಣ್ಣು. ನೆನೆದ ಮೇಲೆ ಬೇರು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಹಿತ್ತಲಿನ ಓಕ್ ಮರ ಬಿದ್ದರೆ ಸೀದಾ ನಮ್ಮ ಮಹಡಿಯ ಮಲಗುವ ಕೋಣೆ ಮೇಲೆ. ಹಾಗಾಗಿ ಗುರುವಾರ ಸಂಜೆಯೇ ಹಾಸಿಗೆಗಳನ್ನೆಲ್ಲ ಕೆಳಗೆ ತಂದು, ಮರದಿಂದ ದೂರದ ಮೂಲೆಯಲ್ಲಿ ಹಾಕಿದೆವು. ಪಕ್ಕದಲ್ಲೇ ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಸಣ್ಣ ಕೋಣೆ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಅಲ್ಲಿ ನುಗ್ಗುವುದು ಅಂತ ಮಕ್ಕಳಿಗೆ ಹೇಳಿಟ್ಟೆವು. ಅಲ್ಲಿ ಬೂಟು, ಟಾರ್ಚು, ಮಕ್ಕಳ ಸೈಕಲ್ ಹೆಲ್ಮೆಟ್ ಇಟ್ಟೆ. ಫೋನ್ ಸೈಲೆಂಟ್ ಮಾಡಲಿಲ್ಲ. ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದು ಆ ಕರ್ಕಶ ಅಲರ್ಟೇ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಿಂದ ಆ ಓಕ್ ಮರವನ್ನು ನೋಡಿದೆ. ಗಾಳಿ ಬೀಸಿದಾಗಲೆಲ್ಲ ಬುಡದ ಸುತ್ತಲ ಹುಲ್ಲುನೆಲ ಒಂದು ಗೇಣು ಮೇಲೆದ್ದು ಮತ್ತೆ ಕೂರುತ್ತಿತ್ತು. ಒಂದು ಕಡೆ ಮಣ್ಣು ಬಿರುಕು ಬಿಟ್ಟು ಒಳಗೆ ನೀರು ನಿಂತಿತ್ತು. ಕೊಂಬೆ ಮುರಿಯುವುದಕ್ಕಿಂತ ಇದು ಅಪಾಯ, ಮರ ಬೇರು ಸಮೇತ ಬರುತ್ತದೆ ಅನ್ನುವ ಗುರುತು. ನಮ್ಮ ಮರ ನಿಂತಿತು. ಎದುರು ಬೀದಿಯದು ಬುಡಮೇಲಾಯಿತು. ಈ ರಾಜ್ಯದಲ್ಲಿ ಅನೇಕರು ಸತ್ತಿದ್ದು ಮನೆ ಮೇಲೋ ಕಾರಿನ ಮೇಲೋ ಮರ ಬಿದ್ದು. ಎಲ್ಲಿ ಮಲಗುತ್ತೀರಿ ಅನ್ನುವುದು ದೊಡ್ಡ ವಿಷಯ, ಅಲ್ವಾ?

ಉತ್ತರಕ್ಕೆ ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಆಗಿದ್ದು ಇದಕ್ಕಿಂತ ಘೋರ. ಬ್ಯುಸಿಕ್ ಎಂಬಲ್ಲಿ ಆ ಕೆಲವೇ ದಿನಗಳಲ್ಲಿ ಸುಮಾರು 780 ಮಿಲಿಮೀಟರ್ ಮಳೆ ಸುರಿಯಿತು. ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ಹೊಳೆ 1916ರ ದಾಖಲೆಯನ್ನೂ ಮೀರಿತು. ಗುಡ್ಡಗಳು ಸಾವಿರಕ್ಕೂ ಹೆಚ್ಚು ಕಡೆ ಜರಿದವು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮಣ್ಣು ಮೊದಲೇ ನೆನೆದಿರುತ್ತದೆ, ಮೇಲೆ ಇನ್ನೊಂದು ಮಳೆ ಬೀಳುತ್ತದೆ. ಇಳಿಜಾರಿನ ಕೆಳಗೆ, ಹಳ್ಳದ ಪಕ್ಕ ಮನೆ ಇದ್ದರೆ ಮನೆಯೊಳಗೆ ಜಾಗ ಬದಲಿಸಿ ಪ್ರಯೋಜನವಿಲ್ಲ. ಮಳೆ ಜೋರಾಗುವ ಮೊದಲೇ ಹೊರಟುಬಿಡಬೇಕು. ತಡವಾದರೆ ರಸ್ತೆಯೇ ಇರುವುದಿಲ್ಲ. ಎರಡು ಅಡಿ ನೀರು ಹರಿಯುತ್ತಿದ್ದರೆ ಬಹುತೇಕ ಕಾರುಗಳು ತೇಲಿ ಹೋಗುತ್ತವೆ.

ಕರೆಂಟ್ ಹೋದ ಮೇಲಿನ ದಿನಗಳೂ ಅಪಾಯದವೇ. ಪಂಪ್ ನಡೆಯದೆ ಪೆಟ್ರೋಲ್ ಬಂಕುಗಳು ಮುಚ್ಚುತ್ತವೆ, ತೆರೆದಲ್ಲಿ ಉದ್ದ ಸಾಲು. ನಾವು ಮೊದಲೇ ಟ್ಯಾಂಕ್ ತುಂಬಿಸಿ, ಸ್ವಲ್ಪ ನಗದು ಇಟ್ಟುಕೊಂಡಿದ್ದೆವು. ನಮ್ಮದು ಕರೆಂಟ್ ಒಲೆ. ಆದ್ದರಿಂದ ಅವಲಕ್ಕಿ, ಚಟ್ನಿಪುಡಿ, ಹುರಿದ ಕಡಲೆಕಾಯಿ, ಬಾಳೆಹಣ್ಣು ಕೈಗೆ ಸಿಗುವಂತಿದ್ದವು. ಫ್ರೀಜರ್‌ನಲ್ಲಿ ಖಾಲಿ ಇದ್ದ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿದ್ದೆ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ. ಫ್ರಿಜ್ ಮಾತ್ರ 4 ಗಂಟೆಯಷ್ಟೇ. ಬಾತ್‌ಟಬ್ ತುಂಬಾ ಬಳಸುವ ನೀರು ಹಿಡಿದಿಟ್ಟೆವು. ಆಶ್‌ವಿಲ್‌ನಲ್ಲಿ ನಲ್ಲಿ ನೀರು ಕುಡಿಯಲು ಯೋಗ್ಯವಾಗಿದ್ದು ನವೆಂಬರ್ 18ಕ್ಕೆ. ಅಲ್ಲಿನ ಗೆಳೆಯರಿಗೆ ಕಾರಿನಲ್ಲಿ ಕ್ಯಾನ್‌ಗಟ್ಟಲೆ ನೀರು ಒಯ್ದು ಕೊಟ್ಟಿದ್ದೇವೆ.

ಜನರೇಟರ್ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಪಕ್ಕದ ಮನೆಯವರು ಗ್ಯಾರೇಜಿನ ಬಾಗಿಲು ಅರ್ಧ ತೆಗೆದು ಒಳಗೇ ಓಡಿಸುತ್ತಿದ್ದರು. ನಾನು ಹೋಗಿ ಕೇಳಿಕೊಂಡು, ಇಬ್ಬರೂ ಸೇರಿ ಅದನ್ನು ಅಂಗಳದ ತುದಿಗೆ ಎಳೆದೆವು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕಿಟಕಿ ಕಡೆ ಬರದ ಹಾಗೆ ಇರಬೇಕು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಅದನ್ನು ಪತ್ತೆ ಹಚ್ಚುವ ಬ್ಯಾಟರಿಯ ಅಲಾರಂ ಒಂದು ಮನೆಯಲ್ಲಿರಲಿ.

ಇನ್ನೊಂದು, ಇನ್ಶೂರೆನ್ಸ್. ಮನೆಯ ಸಾಮಾನ್ಯ ಪಾಲಿಸಿಯಲ್ಲಿ ಪ್ರವಾಹ ಸೇರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ. ಸರ್ಕಾರದ ಯೋಜನೆಯ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಹರಿಕೇನ್ ಕಾಲ ಜೂನ್ 1ಕ್ಕೆ ಶುರು. ಹಳ್ಳದ ಹತ್ತಿರ ಮನೆ ಇರುವವರು ಏಪ್ರಿಲ್‌ನಲ್ಲೇ ಮಾಡಿಸಿಬಿಡಿ.