ಕಾಪಿರೈಟ್ ದಾಖಲೆ ಕೋರ್ಟಿಗೆ ತರುವ ಮುಂಚೆ

ನಮ್ಮ ದಾವಣಗೆರೆ, ಜಗಳೂರು ಕಡೆ ನಾಟಕ ಬರೆಯುವವರು ಜಾಸ್ತಿ. ಅವರ ನಾಟಕವನ್ನು ಯಾರೋ ಹೆಸರು ಬದಲಿಸಿ ಆಡಿಸಿದಾಗ ಫೈಲು ಹಿಡಿದು ನನ್ನ ಆಫೀಸಿಗೆ ಬರುತ್ತಾರೆ. ಒಳಗೆ ಕಾಪಿರೈಟ್ ಸರ್ಟಿಫಿಕೇಟಿನ ಜೆರಾಕ್ಸ್, ಮೇಲೊಂದು ನೋಟರಿ ಸೀಲು. ವಕೀಲನಾಗಿ ನಾನು ಮೊದಲು ಕೇಳುವುದು, ಒರಿಜಿನಲ್ ಎಲ್ಲಿದೆ?

1957ರ ಕಾಪಿರೈಟ್ ಕಾಯ್ದೆಯ 48ನೇ ಕಲಂ ನಿಮ್ಮ ಪರವಾಗಿದೆ. ಕೃತಿಗಳನ್ನು ನೋಂದಾಯಿಸುವ ಕಾಪಿರೈಟ್ ರಿಜಿಸ್ಟರಿನ ನಕಲಿನ ಮೇಲೆ ಕಾಪಿರೈಟ್ ರಿಜಿಸ್ಟ್ರಾರ್ ದೃಢೀಕರಣ ಮತ್ತು ಆ ಕಚೇರಿಯ ಮೊಹರು ಇದ್ದರೆ ಯಾವ ಕೋರ್ಟಾದರೂ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತದೆ. ದೆಹಲಿಯಿಂದ ರಿಜಿಸ್ಟರ್ ತರಿಸಬೇಕಿಲ್ಲ, ಅಲ್ಲಿನ ನೌಕರರನ್ನು ಸಾಕ್ಷಿಗೆ ಕರೆಸಬೇಕಿಲ್ಲ. ನೋಟರಿ ಸೀಲಿಗೆ ಆ ಬಲವಿಲ್ಲ. ಜೆರಾಕ್ಸ್ ಕೊಟ್ಟರೆ ದಾಖಲೆ ಮಾರ್ಕ್ ಮಾಡಿಸುವ, ಅಂದರೆ ಸಾಕ್ಷ್ಯವೆಂದು ಗುರುತು ಹಾಕಿಸುವ ಹೊತ್ತಿಗೆ ಎದುರು ವಕೀಲರು ಎದ್ದು ಆಕ್ಷೇಪಣೆ ಹಾಕುತ್ತಾರೆ. ಒರಿಜಿನಲ್ ಕಳೆದಿದ್ದರೆ ಶುಲ್ಕ ಕಟ್ಟಿ ಸರ್ಟಿಫೈಡ್ ಕಾಪಿಗೆ ಈಗಲೇ ಅರ್ಜಿ ಹಾಕಿ.

ಆದರೆ ರಿಜಿಸ್ಟರಿನಲ್ಲಿ ಇರುವುದು ಕೃತಿಯ ಹೆಸರು, ಬರೆದವರು, ಹಕ್ಕುದಾರರು, ಇಂಥ ವಿವರ ಮಾತ್ರ. ನಿಮ್ಮ ನಾಟಕದ ಒಂದು ಮಾತೂ ಅದರಲ್ಲಿಲ್ಲ, ಅಲ್ವಾ? ಆ ವಿವರವನ್ನೂ ಕೋರ್ಟು ಮೇಲ್ನೋಟಕ್ಕೆ ನಿಜವೆಂದು ಒಪ್ಪುತ್ತದೆ, ಅಷ್ಟೇ. ಸುಳ್ಳೆಂದು ತೋರಿಸಲು ಎದುರಿನವರಿಗೆ ಅವಕಾಶ ಇದ್ದೇ ಇದೆ.

ಹಾಗಾಗಿ ನೋಂದಣಿ ಅರ್ಜಿಯ ಜೊತೆ ನೀವು ಕೊಟ್ಟ ನಾಟಕದ ಪ್ರತಿಯೇ ಕೇಸಿನ ಜೀವ. ಅದರ ದೃಢೀಕೃತ ನಕಲನ್ನೂ ಕೇಳಿ. ಸಿಗದಿದ್ದರೆ ಕಚೇರಿಯಿಂದ ತರಿಸಿ ಎಂದು ಕೋರ್ಟಿಗೆ ಅರ್ಜಿ ಕೊಡಬಹುದು. ಆಮೇಲೆ ಎರಡೂ ನಾಟಕ ಅಕ್ಕಪಕ್ಕ ಇಟ್ಟು ಪುಟ, ದೃಶ್ಯ, ಸಾಲು ಬರೆದುಕೊಳ್ಳಿ. ತಪ್ಪುಗಳನ್ನು ಮೊದಲು ಹುಡುಕಿ. ನನ್ನ ಕಕ್ಷಿದಾರರೊಬ್ಬರ ನಾಟಕದಲ್ಲಿ ಗೌಡನ ಸಾಲ ಎರಡನೇ ದೃಶ್ಯದಲ್ಲಿ 340 ರೂಪಾಯಿ, ನಾಲ್ಕನೆಯದರಲ್ಲಿ ಕೈತಪ್ಪಿ 430. ಕದ್ದ ಪ್ರತಿಯಲ್ಲೂ ಅದೇ 340, ಅದೇ 430! ಕಥೆ ಹೋಲುತ್ತದೆ ಎಂದು ಗಂಟೆಗಟ್ಟಲೆ ವಾದಿಸುವುದಕ್ಕಿಂತ ಇಂಥ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಕಂಪ್ಯೂಟರ್ ಫೈಲಿನ ಪ್ರಿಂಟ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಲಗತ್ತಿಸಿ. 2024ರ ಜುಲೈ 1ರಿಂದ ಅದರಲ್ಲಿ ಎರಡು ಭಾಗ. ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರದು.

ನೋಂದಣಿಯೇ ಮಾಡಿಸಿಲ್ಲವೇ? ಹೆದರಬೇಡಿ. ಹಕ್ಕು ಬರೆದಾಗಲೇ ಹುಟ್ಟುತ್ತದೆ. ಕಾಟು ಹಾಕಿ ತಿದ್ದಿದ ಹಳೇ ನೋಟ್‌ಬುಕ್ಕುಗಳನ್ನು ಸುಮ್ನೆ ರದ್ದಿಗೆ ಹಾಕಬೇಡಿ, ನನ್ನ ಹತ್ತಿರ ತನ್ನಿ. ನಾಟಕ ಹುಬ್ಬಳ್ಳಿಯಲ್ಲಿ ಆಡಿಸಿದ್ದರೂ ನೀವು ಜಗಳೂರಿನಲ್ಲಿ ವಾಸವಿದ್ದರೆ ಕಾಪಿರೈಟ್ ಕಾಯ್ದೆಯ 62ನೇ ಕಲಂ ಪ್ರಕಾರ ದಾವಣಗೆರೆ ಜಿಲ್ಲಾ ಕೋರ್ಟಿನಲ್ಲೇ ದಾವೆ ಹೂಡಬಹುದು.